ಕಡಲಾಚೆಯ ದಾಂಡಿಗನ ಬಲ ಜಪಾನಿನಲ್ಲಿ ಕುಂದುವುದೇಕೆ?

ಕ್ರೀಡಾಲೋಕದಲ್ಲಿ ಆಗಾಗ ಒಂದು ವಿಚಿತ್ರವು ಕಂಡುಬರುತ್ತದೆ. ತನ್ನ ನಾಡಿನಲ್ಲಿ ಗಟ್ಟಿಗನೆಂದು ಹೆಸರಾದ ಆಟಗಾರನು ಪರನಾಡಿಗೆ ಹೋದೊಡನೆ ಸಪ್ಪೆಯಾಗಿಬಿಡುತ್ತಾನೆ. ತೋಳು ಅದೇ, ದಾಂಡು ಅದೇ, ನಿಲ್ಲುವ ಭಂಗಿಯೂ ಅದೇ. ಆದರೆ ಚೆಂಡು ಮಾತ್ರ ಮೊದಲಿನಷ್ಟು ದೂರ ಹಾರುವುದಿಲ್ಲ. ನೋಡುವ ಜನರು “ಇವನ ಬಲ ಉಡುಗಿತು” ಎಂದು ತೀರ್ಪು ಕೊಟ್ಟು ಎದ್ದುಹೋಗುತ್ತಾರೆ. ಈ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದುದು? ಜಪಾನಿನ ಬೇಸ್‌ಬಾಲ್ ಆಟವನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಕ್ರೇಗ್ ಬ್ರೆಜೆಲ್ ಎಂಬ ಅಮೆರಿಕದ ದಾಂಡಿಗರು ಜಪಾನಿನ ಹಾನ್ಶಿನ್ ಟೈಗರ್ಸ್ ತಂಡಕ್ಕಾಗಿ ಆಡುತ್ತಿದ್ದರು. ೨೦೧೦ರಲ್ಲಿ ಅವರು ೪೭ ಹೋಮ್ ರನ್‌ಗಳನ್ನು ಹೊಡೆದರು. ಮರುವರ್ಷ, ಎಂದರೆ ೨೦೧೧ರಲ್ಲಿ, ಅವರು ಹೊಡೆದದ್ದು ಕೇವಲ ೧೬. ಅದರ ಮುಂದಿನ ವರ್ಷ ೧೨. ಮೂವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಆಳು ಒಂದೇ ವರ್ಷದಲ್ಲಿ ತನ್ನ ಬಲದ ಮೂರರಲ್ಲಿ ಎರಡು ಪಾಲನ್ನು ಕಳೆದುಕೊಳ್ಳುವುದುಂಟೆ? ಇಲ್ಲವಾದರೆ ಆ ಹೋಮ್ ರನ್‌ಗಳೆಲ್ಲ ಎಲ್ಲಿ ಹೋದುವು?

ಉತ್ತರವನ್ನು ಹುಡುಕುವ ಮೊದಲು ಆಟದ ಪರಿಚಯವನ್ನು ಸ್ವಲ್ಪ ಮಾಡಿಕೊಳ್ಳೋಣ. ನಾವು ಆಡುವ ಕ್ರಿಕೆಟ್ಟಿನಂತೆ ಬೇಸ್‌ಬಾಲ್ ಕೂಡ ಚೆಂಡು ದಾಂಡಿನ ಆಟವೇ. ಆದರೆ ಇಲ್ಲಿ ಚೆಂಡು ನೆಲಕ್ಕೆ ಪುಟಿಯದೆ ನೇರವಾಗಿ ದಾಂಡಿಗನ ಬಳಿಗೆ ಬರುತ್ತದೆ. ದಾಂಡು ಚಪ್ಪಟೆಯಲ್ಲ, ಒನಕೆಯಂತೆ ಉರುಟು. ಎಸೆಗಾರನ ಹಲಗೆಗೂ ದಾಂಡಿಗನ ಮುಂದಿರುವ ಹಲಗೆಗೂ ನಡುವಣ ದೂರ ೧೮.೪೪ ಮೀಟರ್. ಗೊತ್ತುಮಾಡಿದ ಎರಡು ಗೆರೆಗಳ ನಡುವೆ ಹೊಡೆದ ಚೆಂಡು ಎದುರಿನ ಬೇಲಿಯನ್ನು ದಾಟಿ ಬಿದ್ದರೆ ಅದು ಹೋಮ್ ರನ್. ನಮ್ಮ ಸಿಕ್ಸರಿಗೆ ಸಮ, ಆದರೆ ಅದಕ್ಕಿಂತ ಅಪರೂಪ. ಮೂರು ಸಲ ತಪ್ಪಿದರೆ ದಾಂಡಿಗನು ಔಟ್. ಎಸೆಗಾರನು ನಾಲ್ಕು ಸಲ ಮೇರೆ ತಪ್ಪಿ ಎಸೆದರೆ ದಾಂಡಿಗನಿಗೆ ಹೊಡೆಯದೆಯೇ ಮೊದಲನೆಯ ನೆಲೆಗೆ ನಡೆದುಹೋಗುವ ಹಕ್ಕುಂಟು. ಈ ಕಡೆಯ ನಿಯಮವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಅದರಿಂದ ಕೆಲಸವಿದೆ.

ಜಪಾನಿಗೆ ಈ ಆಟವು ೧೮೭೨ರ ಸುಮಾರಿಗೆ ಬಂದಿತು. ಟೋಕಿಯೋ ನಗರದ ವಿದ್ಯಾಲಯವೊಂದರಲ್ಲಿ ಪಾಠ ಹೇಳುತ್ತಿದ್ದ ಹೊರೇಸ್ ವಿಲ್ಸನ್ ಎಂಬ ಅಮೆರಿಕದ ಉಪಾಧ್ಯಾಯರು ಅದನ್ನು ತಮ್ಮ ಶಿಷ್ಯರಿಗೆ ಕಲಿಸಿದರು. ಜಪಾನೀಯರು ಅದಕ್ಕೆ ‘ಯಾಕ್ಯೂ’ ಎಂದು ತಮ್ಮದೇ ಹೆಸರನ್ನಿಟ್ಟರು. ಬಯಲಿನ ಚೆಂಡು ಎಂದು ಅದರ ಅರ್ಥ. ೧೯೩೬ರಲ್ಲಿ ಅಲ್ಲಿ ವೃತ್ತಿಪರ ಪಂದ್ಯಗಳು ಮೊದಲಾದುವು. ೧೯೫೦ರಿಂದ ಸೆಂಟ್ರಲ್ ಲೀಗ್, ಪೆಸಿಫಿಕ್ ಲೀಗ್ ಎಂಬ ಎರಡು ಕೂಟಗಳಿವೆ. ಈಗ ಒಂದೊಂದರಲ್ಲಿಯೂ ಆರು ತಂಡಗಳು. ಪ್ರತಿಯೊಂದು ತಂಡವೂ ಹೊರನಾಡಿನಿಂದ ಕೆಲವು ಆಟಗಾರರನ್ನು ಕರೆತರುತ್ತದೆ. ಹಾಗೆ ಬರುವ ದಾಂಡಿಗರಿಂದ ತಂಡವು ಬಯಸುವುದು ಮುಖ್ಯವಾಗಿ ಒಂದೇ: ಚೆಂಡನ್ನು ಬೇಲಿಯಾಚೆಗೆ ಕಳುಹಿಸಬೇಕು. ಆದುದರಿಂದ ಹೋಮ್ ರನ್‌ಗಳ ಎಣಿಕೆ ಇಳಿದರೆ ಅವರ ಕೆಲಸಕ್ಕೇ ಸಂಚಕಾರ.

ಇನ್ನು ಬ್ರೆಜೆಲ್ ಅವರ ಲೆಕ್ಕಕ್ಕೆ ಬರೋಣ. ಒಬ್ಬನ ಬಲ ಕುಂದಿತೆಂದು ಹೇಳುವ ಮೊದಲು ನೆರೆಹೊರೆಯವರ ಗತಿಯೇನಾಯಿತೆಂದು ನೋಡುವುದು ವಿವೇಕ. ೨೦೧೦ರಲ್ಲಿ ಜಪಾನಿನ ಹನ್ನೆರಡು ತಂಡಗಳೂ ಸೇರಿ ಹೊಡೆದ ಹೋಮ್ ರನ್‌ಗಳು ೧,೬೦೫. ೨೦೧೧ರಲ್ಲಿ ಅವು ೯೩೯ಕ್ಕೆ ಇಳಿದುವು, ೨೦೧೨ರಲ್ಲಿ ೮೮೧ಕ್ಕೆ. ವೆನಿಜುವೆಲಾ ದೇಶದ ಅಲೆಕ್ಸ್ ರಾಮಿರೆಸ್ ೨೦೧೦ರಲ್ಲಿ ೪೯ ಹೊಡೆದು ತಮ್ಮ ಕೂಟದಲ್ಲಿ ಮೊದಲಿಗರಾಗಿದ್ದರು. ಮರುವರ್ಷ ಅವರದು ೨೩ ಮಾತ್ರ. ಚಿಬಾ ಲೊಟ್ಟೆ ಎಂಬ ತಂಡದ ಆಟಗಾರರೆಲ್ಲರೂ ಕೂಡಿ ೨೦೧೧ರ ಇಡೀ ವರ್ಷದಲ್ಲಿ ಹೊಡೆದದ್ದು ೪೬. ದೇಶಕ್ಕೆ ದೇಶವೇ ಒಂದು ಚಳಿಗಾಲದಲ್ಲಿ ದುರ್ಬಲವಾಯಿತೆಂದು ನಂಬಲು ಸಾಧ್ಯವೇ? ಬದಲಾದದ್ದು ತೋಳಲ್ಲ, ಚೆಂಡು.

ಅದುವರೆಗೆ ತಂಡಗಳು ಬೇರೆ ಬೇರೆ ಕಂಪನಿಗಳ ಚೆಂಡುಗಳನ್ನು ಬಳಸುತ್ತಿದ್ದುವು. ೨೦೧೧ರಿಂದ ಮಿಜುನೊ ಕಂಪನಿಯ ಒಂದೇ ಬಗೆಯ ಚೆಂಡನ್ನು ಎಲ್ಲರೂ ಬಳಸಬೇಕೆಂದು ಗೊತ್ತಾಯಿತು. ಬೇಸ್‌ಬಾಲ್ ಚೆಂಡಿನ ನಡುವೆ ಬೆಂಡಿನ ಗುಂಡು, ಅದರ ಮೇಲೆ ರಬ್ಬರಿನ ಹೊದಿಕೆ, ಅದರ ಮೇಲೆ ಬಿಗಿಯಾಗಿ ಸುತ್ತಿದ ನೂಲು, ಎಲ್ಲಕ್ಕೂ ಹೊರಗೆ ಚರ್ಮ. ಹೊಸ ಚೆಂಡಿನೊಳಗಿನ ರಬ್ಬರು ಮೊದಲಿನದಕ್ಕಿಂತ ಕಡಿಮೆ ಪುಟಿಯುವಂತಹದು. ಗಂಟೆಗೆ ೧೦೦ ಕಿಲೋಮೀಟರ್ ವೇಗದಿಂದ ಅಲುಗಾಡದ ಗಟ್ಟಿ ಗೋಡೆಗೆ ಬಡಿದ ಚೆಂಡು ಸುಮಾರು ೪೧ ಕಿಲೋಮೀಟರ್ ವೇಗದಿಂದ ಹಿಂದಿರುಗುತ್ತದೆಂದು ಭಾವಿಸಿರಿ. ಇದನ್ನು ಪುಟಿತದ ಪ್ರಮಾಣವೆಂದು ಕರೆಯಬಹುದು. ಈ ಪ್ರಮಾಣ ಕೂದಲೆಳೆಯಷ್ಟು ಇಳಿದರೂ ಚೆಂಡು ದಾಂಡನ್ನು ಬಿಟ್ಟುಹೊರಡುವ ವೇಗ ಇಳಿಯುತ್ತದೆ. ಬೇಲಿಯನ್ನು ಒಂದೆರಡು ಗಜಗಳಿಂದ ದಾಟಬೇಕಾದ ಹೊಡೆತಗಳು ಬೇಲಿಯ ಈಚೆ ನಿಂತವನ ಕೈಗೆ ಬೀಳುತ್ತವೆ. ದೂರದಲ್ಲಿ ಕಳೆದುಹೋದದ್ದು ಅತ್ಯಲ್ಪ. ಲೆಕ್ಕದಲ್ಲಿ ಕಳೆದುಹೋದದ್ದು ಐದರಲ್ಲಿ ಎರಡು ಪಾಲು!

ಈ ಕಥೆಗೆ ಒಂದು ಕಹಿಯಾದ ಉತ್ತರಾರ್ಧವೂ ಉಂಟು. ೨೦೧೩ರಲ್ಲಿ ಆಡಳಿತದವರು ಯಾರಿಗೂ ತಿಳಿಸದೆ ಚೆಂಡನ್ನು ಮತ್ತೆ ಹೆಚ್ಚು ಪುಟಿಯುವಂತೆ ಮಾರ್ಪಡಿಸಿದರು. ಹೋಮ್ ರನ್‌ಗಳು ೧,೩೧೧ಕ್ಕೆ ಏರಿದುವು. ಜೂನ್ ತಿಂಗಳಲ್ಲಿ ಗುಟ್ಟು ರಟ್ಟಾಯಿತು. ಮುಖ್ಯಾಧಿಕಾರಿಗಳಾಗಿದ್ದ ರಿಯೋಜೊ ಕಾಟೊ ಅವರು ಅದೇ ವರ್ಷ ತಮ್ಮ ಸ್ಥಾನವನ್ನು ಬಿಡಬೇಕಾಯಿತು. ಆಟಗಾರರ ಅಸಮಾಧಾನ ಸಹಜವೇ ಆಗಿತ್ತು. ಚೆಂಡು ಬದಲಾದುದನ್ನು ಅರಿಯದ ಎಸೆಗಾರನು ತನ್ನ ಕೈಚಳಕ ಕೆಟ್ಟಿತೆಂದು ಕೊರಗುತ್ತಾನೆ. ದಾಂಡಿಗನು ತನ್ನ ಬಲ ಮರಳಿತೆಂದು ಹಿಗ್ಗುತ್ತಾನೆ. ಇಬ್ಬರೂ ತಮ್ಮನ್ನು ತಾವು ತಪ್ಪಾಗಿ ಅಳೆದುಕೊಂಡಂತಾಯಿತು. ಅಳತೆಗೋಲು ಬದಲಾದರೆ ಅಳೆಯುವವರಿಗೆ ತಿಳಿಸಲೇಬೇಕು.

ಆದರೆ ಎಲ್ಲ ಹೊಣೆಯನ್ನೂ ಚೆಂಡಿನ ಮೇಲೆ ಹೊರಿಸಿದರೆ ಲೆಕ್ಕ ಸರಿಹೋಗದು. ಮಿಕ್ಕವರಿಗೆ ಆದಷ್ಟೇ ನಷ್ಟವು ಬ್ರೆಜೆಲ್ ಅವರಿಗೂ ಆಗಿದ್ದಲ್ಲಿ ೪೭ ಹೋಮ್ ರನ್‌ಗಳು ಸುಮಾರು ೨೭ಕ್ಕೆ ಇಳಿಯಬೇಕಾಗಿತ್ತು. ಇಳಿದದ್ದು ೧೬ಕ್ಕೆ. ಉಳಿದ ಹನ್ನೊಂದರ ಲೆಕ್ಕವೇನು? ಇನ್ನೊಂದು ಕಡೆ, ಅದೇ ವರ್ಷ ಅದೇ ಚೆಂಡಿನಿಂದ ಸೇಬು ಲಯನ್ಸ್ ತಂಡದ ತಕೆಯ ನಕಮುರ ಎಂಬ ಜಪಾನೀ ದಾಂಡಿಗರು ೪೮ ಹೋಮ್ ರನ್‌ಗಳನ್ನು ಹೊಡೆದರು. ಲೊಟ್ಟೆಯ ಇಡೀ ತಂಡದ ಮೊತ್ತಕ್ಕಿಂತ ಎರಡು ಹೆಚ್ಚು. ಆದುದರಿಂದ ಬೇರೆ ಕಾರಣಗಳೂ ಇರಲೇಬೇಕು. ಒಬ್ಬರ ವಿಷಯದಲ್ಲಿ ಯಾವ ಕಾರಣ ಎಷ್ಟೆಂದು ತೂಗಿ ಹೇಳಲಾಗದು. ಹೊರನಾಡಿನ ದಾಂಡಿಗರೆಲ್ಲರೂ ಎದುರಿಸಬೇಕಾದ ಕಾರಣಗಳನ್ನು ಒಂದೊಂದಾಗಿ ನೋಡಬಹುದು.

ಮೊದಲನೆಯದು ಗಾಳಿ. ಹಾರುವ ಚೆಂಡನ್ನು ತಡೆಯುವುದು ಗಾಳಿಯೇ. ನೆಲ ಎತ್ತರವಾದಷ್ಟೂ ಗಾಳಿ ವಿರಳವಾಗುತ್ತದೆ, ತಡೆ ಕಡಿಮೆಯಾಗುತ್ತದೆ. ಕಡಲ ದಂಡೆಯಲ್ಲಿರುವ ನಮ್ಮ ಮುಂಬಯಿಗಿಂತ ಬೆಂಗಳೂರು ಸುಮಾರು ೯೨೦ ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಗಾಳಿ ಇಲ್ಲಿಯದಕ್ಕಿಂತ ಹತ್ತನೆಯ ಒಂದು ಪಾಲಿಗೆ ತುಸು ಕಡಿಮೆಯಷ್ಟು ವಿರಳ. ಒಂದೇ ಬಲದಿಂದ ಹೊಡೆದ ಚೆಂಡು ವಾಂಖೇಡೆ ಮೈದಾನದಲ್ಲಿ ಹೋಗುವುದಕ್ಕಿಂತ ಚಿನ್ನಸ್ವಾಮಿ ಮೈದಾನದಲ್ಲಿ ಕೆಲವು ಮೀಟರ್ ಮುಂದೆ ಹೋಗುವುದು ಸಹಜ. ಅಮೆರಿಕದ ಡೆನ್ವರ್, ಆಲ್ಬುಕರ್ಕಿ ಮೊದಲಾದ ನಗರಗಳು ಸುಮಾರು ೧,೬೦೦ ಮೀಟರ್ ಎತ್ತರದಲ್ಲಿವೆ. ಡೆನ್ವರಿನಲ್ಲಿ ಹೋಮ್ ರನ್‌ಗಳು ಅತಿಯಾದುವೆಂದು ೨೦೦೨ರಿಂದ ಚೆಂಡುಗಳನ್ನು ತೇವಾಂಶವಿರುವ ಕೋಣೆಯಲ್ಲಿಟ್ಟು ಬಳಸತೊಡಗಿದರು. ತೇವವನ್ನು ಹೀರಿದ ಚೆಂಡು ಸ್ವಲ್ಪ ಕಡಿಮೆ ಪುಟಿಯುತ್ತದೆ. ಜಪಾನಿನ ತಂಡಗಳು ಅಮೆರಿಕದ ಅತ್ಯುಚ್ಚ ಕೂಟದ ಆಟಗಾರರಿಗಿಂತ ಅದರ ಕೆಳಗಿನ ಕೂಟಗಳಲ್ಲಿ ಹೆಸರು ಮಾಡಿದವರನ್ನೇ ಹೆಚ್ಚಾಗಿ ಕರೆತರುತ್ತವೆ. ಅಂತಹ ಕೂಟಗಳಲ್ಲಿ ಬೆಟ್ಟದ ನಾಡಿನ ಮೈದಾನಗಳೂ ಸೇರಿವೆ. ಅಲ್ಲಿ ಬೇಲಿ ದಾಟುತ್ತಿದ್ದ ಹೊಡೆತವು ಕಡಲ ಮಟ್ಟದ ಜಪಾನೀ ಮೈದಾನದಲ್ಲಿ ಬೇಲಿಯ ಈಚೆಗೇ ಬೀಳುವುದರಲ್ಲಿ ಆಶ್ಚರ್ಯವೇನು?

ಬ್ರೆಜೆಲ್ ಅವರ ತಂಡದ ಮನೆಯಂಗಳವಾದ ಕೋಶಿಯೆನ್ ಮೈದಾನಕ್ಕೆ ಇನ್ನೊಂದು ವಿಶೇಷವಿದೆ. ೧೯೨೪ರಲ್ಲಿ ಕಟ್ಟಿದ ಈ ಮೈದಾನ ಒಸಾಕಾ ಕೊಲ್ಲಿಯ ಸಮೀಪದಲ್ಲಿದೆ. ಅಲ್ಲಿ ಬೀಸುವ ಕಡಲಗಾಳಿಗೆ ‘ಹಾಮಕಜೆ’ ಎಂದು ಹೆಸರು. ಅದು ಬಲಗಡೆಯ ಬಯಲಿನಿಂದ ಎಡಗಡೆಯ ಬಯಲಿನತ್ತ ಬೀಸುತ್ತದೆ. ಎಡಗೈ ದಾಂಡಿಗನು ಬಲವೆಲ್ಲ ಕೂಡಿಸಿ ಬೀಸಿದರೆ ಚೆಂಡು ಸಾಮಾನ್ಯವಾಗಿ ಬಲಗಡೆಗೇ ಹಾರುತ್ತದೆ; ಹಾರಿ, ಗಾಳಿಗೆ ಎದುರಾಗಿ, ಸೋತು ಬೀಳುತ್ತದೆ. ಬ್ರೆಜೆಲ್ ಎಡಗೈ ದಾಂಡಿಗರು. ಒಂದು ಕಾಲಕ್ಕೆ ಈ ಮೈದಾನದಲ್ಲಿ ಬೇಲಿಯ ಒಳಗೆ ಇನ್ನೊಂದು ಬೇಲಿಯನ್ನು ಹಾಕಿ ಹೋಮ್ ರನ್‌ಗಳನ್ನು ಸುಲಭಗೊಳಿಸಿದ್ದರು. ೧೯೪೭ರಿಂದ ಇದ್ದ ಆ ಒಳಬೇಲಿಯನ್ನು ೧೯೯೧ರ ಕೊನೆಯಲ್ಲಿ ತೆಗೆದುಹಾಕಿದರು. ಪುಟಿಯುವ ಚೆಂಡು ಇದ್ದಾಗ ಗಾಳಿಯನ್ನು ಭೇದಿಸಿ ಹೋಗುತ್ತಿದ್ದ ಹೊಡೆತವನ್ನು, ಪುಟಿಯದ ಚೆಂಡು ಬಂದ ಮೇಲೆ ಗಾಳಿ ಹಿಡಿದು ನಿಲ್ಲಿಸಿದರೆ, ಎರಡು ಕಾರಣಗಳು ಕೂಡಿಕೊಂಡಂತಾಯಿತು.

ಎರಡನೆಯದು ಎಸೆಗಾರನ ಕಲೆ. ಅಮೆರಿಕದ ಎಸೆಗಾರರು ಸರಾಸರಿಯಲ್ಲಿ ಜಪಾನಿನವರಿಗಿಂತ ವೇಗವಾಗಿ ಎಸೆಯುತ್ತಾರೆ. ಹಾಗಾದರೆ ಜಪಾನಿನಲ್ಲಿ ಹೊಡೆಯುವುದು ಸುಲಭವಾಗಬೇಕಲ್ಲವೇ ಎಂದು ಕೇಳಬಹುದು. ಆದರೆ ದಾಂಡಿಗನನ್ನು ಕೆಡಿಸುವುದು ವೇಗಕ್ಕಿಂತ ಹೆಚ್ಚಾಗಿ ವೇಗದ ವ್ಯತ್ಯಾಸ. ಸಣ್ಣ ಲೆಕ್ಕವೊಂದನ್ನು ಮಾಡೋಣ. ಗಂಟೆಗೆ ೧೪೫ ಕಿಲೋಮೀಟರ್ ವೇಗದಿಂದ ಎಸೆದ ಚೆಂಡು ದಾಂಡಿಗನನ್ನು ಮುಟ್ಟಲು ಸುಮಾರು ೦.೪೪ ಸೆಕೆಂಡು ಬೇಕು. ೧೨೫ ಕಿಲೋಮೀಟರ್ ವೇಗದ ಚೆಂಡಿಗೆ ಸುಮಾರು ೦.೫೧ ಸೆಕೆಂಡು. ನಡುವಣ ಅಂತರ ೦.೦೭ ಸೆಕೆಂಡು, ಕಣ್ಣೆವೆ ಮುಚ್ಚಿ ತೆರೆಯುವಷ್ಟೂ ಇಲ್ಲ. ಆದರೆ ವೃತ್ತಿಪರ ದಾಂಡಿಗನ ದಾಂಡು ಚೆಂಡನ್ನು ಸಂಧಿಸುವ ಹೊತ್ತಿಗೆ ಸೆಕೆಂಡಿಗೆ ಸುಮಾರು ೩೦ ಮೀಟರ್ ವೇಗದಲ್ಲಿರುತ್ತದೆ. ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿಯೇ ಅದು ೩೦ ಸೆಂಟಿಮೀಟರ್ ಸರಿದುಹೋಗಿರುತ್ತದೆ. ವೇಗದ ಚೆಂಡನ್ನು ನಿರೀಕ್ಷಿಸಿ ಬೀಸಿದವನ ದಾಂಡು, ನಿಧಾನದ ಚೆಂಡು ಬರುವಷ್ಟರಲ್ಲಿ ಎಂದೋ ಮುಂದೆ ಹೋಗಿರುತ್ತದೆ. ಆಗ ಅವನು ಬೀಸನ್ನು ತಡೆದು ಕೈಯಿಂದಷ್ಟೇ ಚೆಂಡನ್ನು ತಟ್ಟಬೇಕಾಗುತ್ತದೆ. ಚೆಂಡು ದಾಂಡಿಗೆ ತಗಲಿದರೂ ಅದರಲ್ಲಿ ಕಸುವಿರುವುದಿಲ್ಲ. ಬಲ ಕುಂದಿತೆಂದು ನಮಗೆ ತೋರುವುದು ಇದೇ.

ಜಪಾನೀ ಎಸೆಗಾರರ ನೆಚ್ಚಿನ ಅಸ್ತ್ರ ‘ಫೋರ್ಕ್ ಬಾಲ್’. ತೋರುಬೆರಳು ಮತ್ತು ನಡುಬೆರಳುಗಳ ಸಂದಿನಲ್ಲಿ ಚೆಂಡನ್ನು ಸಿಕ್ಕಿಸಿ ಎಸೆಯುತ್ತಾರೆ. ಸಾಧಾರಣ ವೇಗದ ಚೆಂಡು ಹಿಮ್ಮುಖವಾಗಿ ಗಿರಗಿರನೆ ತಿರುಗುತ್ತ ಬರುವುದರಿಂದ ಗಾಳಿ ಅದನ್ನು ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಫೋರ್ಕ್ ಬಾಲಿಗೆ ಅಂತಹ ತಿರುಗು ಕಡಿಮೆ, ಆಸರೆಯೂ ಕಡಿಮೆ. ಮೊದಲು ವೇಗದ ಚೆಂಡಿನಂತೆಯೇ ಕಂಡು, ದಾಂಡಿಗನ ಬಳಿಗೆ ಬರುವಾಗ ಕೆಳಕ್ಕೆ ಕುಸಿಯುತ್ತದೆ. ದಾಂಡಿನ ಅತಿ ದಪ್ಪನೆಯ ಭಾಗವೂ ೬.೬ ಸೆಂಟಿಮೀಟರ್ ಮೀರಕೂಡದು, ಅದೂ ಉರುಟು. ಒಂದೆರಡು ಸೆಂಟಿಮೀಟರ್ ಮೇಲೆ ಬಡಿದರೆ ಚೆಂಡು ನೆಲಕ್ಕೆ ಉರುಳುತ್ತದೆ. ಕೆಳಗೆ ಬಡಿದರೆ ನೆತ್ತಿಯ ಮೇಲೆ ಎದ್ದು ಯಾರದೋ ಕೈಗೆ ಬೀಳುತ್ತದೆ. ಇದಲ್ಲದೆ, ಎಸೆಗಾರನು ಇಕ್ಕಟ್ಟಿಗೆ ಸಿಕ್ಕಿದಾಗ ನೇರವಾದ ವೇಗದ ಚೆಂಡನ್ನೇ ಎಸೆಯುತ್ತಾನೆಂಬ ನಂಬಿಕೆಯಲ್ಲಿ ಅಮೆರಿಕದ ದಾಂಡಿಗರು ಬೆಳೆದಿರುತ್ತಾರೆ. ಜಪಾನಿನ ಎಸೆಗಾರನು ಅಂತಹ ವೇಳೆಯಲ್ಲಿಯೂ ತಿರುವಿನ ಚೆಂಡನ್ನೋ ಕುಸಿಯುವ ಚೆಂಡನ್ನೋ ಎಸೆಯಲು ಹಿಂಜರಿಯನು. ಹೊಸದಾಗಿ ಬಂದವನ ಎಣಿಕೆಗಳೆಲ್ಲ ತಲೆಕೆಳಗಾಗುತ್ತವೆ.

ಮೂರನೆಯದು ಎದುರಾಳಿಗಳ ಅಧ್ಯಯನ. ಅಮೆರಿಕದ ಅತ್ಯುಚ್ಚ ಕೂಟದಲ್ಲಿ ಮೂವತ್ತು ತಂಡಗಳಿವೆ. ಜಪಾನಿನಲ್ಲಿ ಒಂದು ಕೂಟಕ್ಕೆ ಆರೇ ತಂಡಗಳಿರುವುದರಿಂದ ಒಂದು ತಂಡವು ವರ್ಷದ ೧೪೩ ಪಂದ್ಯಗಳಲ್ಲಿ ೧೨೫ನ್ನು ಅದೇ ಐದು ತಂಡಗಳೊಡನೆ, ಎಂದರೆ ಒಂದೊಂದರ ಜೊತೆಗೆ ಇಪ್ಪತ್ತೈದು ಸಲ, ಆಡುತ್ತದೆ. ಅದೇ ಎಸೆಗಾರರು ಮತ್ತೆ ಮತ್ತೆ ಎದುರಾಗುತ್ತಾರೆ. ತಂಡದವರು ಎದುರಾಳಿ ದಾಂಡಿಗನ ಪ್ರತಿಯೊಂದು ಹೊಡೆತವನ್ನೂ ಬರೆದಿಟ್ಟುಕೊಂಡು, ಎಲ್ಲಿಗೆ ಎಸೆದರೆ ತಪ್ಪುತ್ತಾನೆ, ಯಾವ ಎಸೆತಕ್ಕೆ ಆಸೆಪಡುತ್ತಾನೆ ಎಂದು ಲೆಕ್ಕಹಾಕುತ್ತಾರೆ. ಯಾಕುಲ್ಟ್ ತಂಡದ ವ್ಯವಸ್ಥಾಪಕರಾಗಿದ್ದ ಕತ್ಸುಯ ನೊಮುರ ಅವರು ೧೯೯೦ರ ದಶಕದಲ್ಲಿ ಈ ಬಗೆಯ ಲೆಕ್ಕಾಚಾರಕ್ಕೆ ಹೆಸರಾದರು. ವಿದೇಶಿ ದಾಂಡಿಗನು ಬಂದ ಮೊದಲ ಕೆಲವು ವಾರ ಅಬ್ಬರಿಸಿ, ಆಮೇಲೆ ಮಂಕಾಗುವುದನ್ನು ನಾವು ಎಷ್ಟೋ ಸಲ ಕೇಳುತ್ತೇವೆ. ಅವನು ಮಂಕಾದದ್ದಕ್ಕಿಂತ ಮಿಗಿಲಾಗಿ, ಅವನನ್ನು ಎದುರಿಸುವವರು ಪಾಠ ಕಲಿತದ್ದೇ ಇದರ ಗುಟ್ಟು. ಎಸೆಗಾರರು ಅವನನ್ನು ಓದುವ ವೇಗಕ್ಕಿಂತ ಅವನು ಎಸೆಗಾರರನ್ನು ಓದುವ ವೇಗ ಹೆಚ್ಚಾಗಬೇಕು. ಇಲ್ಲವಾದರೆ ಇಳಿತ ತಪ್ಪದು.

ನಾಲ್ಕನೆಯದು ನಾವು ಹೋಲಿಸುವ ರೀತಿಯಲ್ಲಿಯೇ ಅಡಗಿರುವ ದೋಷ. ಒಬ್ಬ ವಿದ್ಯಾರ್ಥಿಯು ನಾಲ್ಕು ಪರೀಕ್ಷೆಗಳಲ್ಲಿ ೬೦, ೬೨, ೮೫, ೬೧ ಅಂಕಗಳನ್ನು ಪಡೆದನೆಂದಿಟ್ಟುಕೊಳ್ಳಿರಿ. ೮೫ ಬಂದ ದಿನ ಅವನನ್ನು ಹುಡುಕಿ ತಂದು “ಇವನು ಎಂಬತ್ತೈದರ ಹುಡುಗ” ಎಂದು ಬೆನ್ನು ತಟ್ಟಿದರೆ, ಮುಂದಿನ ಪರೀಕ್ಷೆಯಲ್ಲಿ ೬೧ ಬಂದಾಗ “ಕೆಟ್ಟುಹೋದ” ಎನ್ನಬೇಕಾಗುತ್ತದೆ. ನಿಜವಾಗಿ ಅವನು ಕೆಟ್ಟಿಲ್ಲ, ತನ್ನ ಸಹಜವಾದ ನೆಲೆಗೆ ಮರಳಿದ್ದಾನೆ. ತಂಡಗಳು ಆಟಗಾರನನ್ನು ಕೊಳ್ಳುವುದು ಅವನ ಅತ್ಯುತ್ತಮ ವರ್ಷವನ್ನು ನೋಡಿ. ಅಂತಹ ವರ್ಷದಲ್ಲಿ ಪರಿಶ್ರಮದ ಜೊತೆಗೆ ಅದೃಷ್ಟದ ಪಾಲೂ ಸೇರಿರುತ್ತದೆ. ಅದರ ಮುಂದಿನ ವರ್ಷ ಇಳಿತವಿದ್ದರೆ ಅದು ಜಪಾನಿನ ತಪ್ಪೂ ಅಲ್ಲ, ಆಟಗಾರನ ತಪ್ಪೂ ಅಲ್ಲ. ಇದರ ಜೊತೆಗೆ ಬಹುಮಂದಿ ಮೂವತ್ತರ ಸಮೀಪದಲ್ಲಿಯೋ ಅದನ್ನು ದಾಟಿದ ಮೇಲೋ ಜಪಾನಿಗೆ ಬರುತ್ತಾರೆ. ವಯಸ್ಸೂ ತನ್ನ ಸುಂಕವನ್ನು ವಸೂಲು ಮಾಡದೆ ಬಿಡುವುದಿಲ್ಲ.

ಐದನೆಯದು ಬಾಳುವೆಯ ಕಷ್ಟ. ಭಾಷೆ ತಿಳಿಯದು, ಗುರುಗಳ ಸೂಚನೆ ದುಭಾಷಿಯ ಬಾಯಿಂದ ಬರಬೇಕು. ಊಟ ಬೇರೆ, ಮನೆ ಬೇರೆ, ನಿದ್ರೆಯ ಹೊತ್ತೂ ಬೇರೆ. ಫೆಬ್ರವರಿ ಒಂದನೆಯ ತಾರೀಖಿನಿಂದಲೇ ಶಿಬಿರ ಮೊದಲಾಗಿ ಬೆಳಗಿನಿಂದ ಸಂಜೆಯವರೆಗೆ ಅಭ್ಯಾಸ ನಡೆಯುತ್ತದೆ. ಅಷ್ಟೊಂದು ಅಭ್ಯಾಸದ ರೂಢಿಯಿಲ್ಲದವನು ಪಂದ್ಯಗಳು ಮೊದಲಾಗುವ ಹೊತ್ತಿಗೆ ಬಳಲಿರುತ್ತಾನೆ. ಒಂದು ಪಂದ್ಯಕ್ಕೆ ಇಳಿಸಬಹುದಾದ ವಿದೇಶಿಯರ ಸಂಖ್ಯೆಗೆ ಮಿತಿಯಿರುವುದರಿಂದ ಎರಡು ವಾರ ಸೋತವನ ಸ್ಥಾನಕ್ಕೆ ಇನ್ನೊಬ್ಬನು ಕಾದಿರುತ್ತಾನೆ. ಈ ಭಯದಲ್ಲಿ ಅವನು ಕಂಡ ಕಂಡ ಚೆಂಡಿಗೆಲ್ಲ ದಾಂಡು ಬೀಸತೊಡಗುತ್ತಾನೆ. ಎಸೆಗಾರನು ಬಯಸುವುದೂ ಅದನ್ನೇ.

ಇವೆಲ್ಲಕ್ಕಿಂತ ಬೇರೆಯಾದ ಇನ್ನೊಂದು ಕಾರಣವನ್ನು ಹೇಳದಿದ್ದರೆ ಈ ಲೇಖನ ಅಪೂರ್ಣವಾದೀತು. ಹೊಡೆಯಲು ಚೆಂಡನ್ನೇ ಕೊಡದಿದ್ದರೆ ಎಂತಹ ಬಲಶಾಲಿಯಾದರೂ ಏನು ಮಾಡಿಯಾನು? ಸದಹರು ಓ ಎಂಬ ಮಹಾ ದಾಂಡಿಗರು ೧೯೬೪ರಲ್ಲಿ ೫೫ ಹೋಮ್ ರನ್‌ಗಳನ್ನು ಹೊಡೆದು ದಾಖಲೆ ಸ್ಥಾಪಿಸಿದ್ದರು. ೧೯೮೫ರಲ್ಲಿ ಹಾನ್ಶಿನ್ ತಂಡದ ಅಮೆರಿಕದ ಆಟಗಾರ ರಾಂಡಿ ಬಾಸ್ ೫೪ನ್ನು ಮುಟ್ಟಿ, ಯೊಮಿಯುರಿ ಜೈಂಟ್ಸ್ ತಂಡದ ಎದುರು ತಮ್ಮ ಕೊನೆಯ ಪಂದ್ಯವನ್ನು ಆಡಿದರು. ಎಸೆಗಾರರು ಬೇಕೆಂದೇ ಮೇರೆಯಾಚೆಗೆ ಎಸೆದು ಎಸೆದು ಅವರನ್ನು ಮೊದಲ ನೆಲೆಗೆ ನಡೆಸಿಬಿಟ್ಟರು. ಆಗ ಜೈಂಟ್ಸ್ ತಂಡದ ವ್ಯವಸ್ಥಾಪಕರು ಓ ಅವರೇ. ೨೦೦೧ರಲ್ಲಿ ಟಫಿ ರೋಡ್ಸ್ ಎಂಬ ಅಮೆರಿಕದ ದಾಂಡಿಗರು ೫೫ನ್ನು ಮುಟ್ಟಿದ ಮೇಲೆ, ಓ ಅವರು ನಡೆಸುತ್ತಿದ್ದ ಡೈಯೆ ತಂಡದ ಎದುರು ಹೀಗೆಯೇ ಆಯಿತು. ೨೦೦೨ರಲ್ಲಿ ವೆನಿಜುವೆಲಾದ ಅಲೆಕ್ಸ್ ಕಬ್ರೆರ ಅವರೂ ೫೫ಕ್ಕೇ ನಿಂತರು. ವಿಪರ್ಯಾಸವೆಂದರೆ, ಯಾರ ದಾಖಲೆಯನ್ನು ಜಪಾನೀಯರ ಸ್ವತ್ತೆಂಬಂತೆ ಹೀಗೆ ಕಾಪಾಡಲಾಯಿತೋ ಆ ಓ ಅವರ ತಂದೆ ಚೀಣಾ ದೇಶದಿಂದ ಬಂದವರು. ಟೋಕಿಯೋದಲ್ಲಿ ಹುಟ್ಟಿ ಬೆಳೆದ ಓ ಅವರೂ ಜಪಾನಿನ ಪೌರತ್ವವನ್ನು ಪಡೆದವರಲ್ಲ. ಕಡೆಗೆ ೨೦೧೩ರಲ್ಲಿ ಕುರಸಾವ್ ದ್ವೀಪದ ವ್ಲಾದಿಮಿರ್ ಬ್ಯಾಲೆಂಟಿನ್ ೬೦ ಹೋಮ್ ರನ್‌ಗಳನ್ನು ಹೊಡೆದು ಆ ಗೋಡೆಯನ್ನು ಒಡೆದರು. ಅಂದಿನ ಪ್ರೇಕ್ಷಕರು ಅವರನ್ನು ಹೃತ್ಪೂರ್ವಕವಾಗಿ ಅಭಿನಂದಿಸಿದರು. ಕಾಲ ಬದಲಾಗಿತ್ತು.

ಹಾಗಾದರೆ ಇಳಿತವು ವಿಧಿಲಿಖಿತವೇ? ಅಲ್ಲ ಎನ್ನುವುದಕ್ಕೆ ಅದೇ ರಾಂಡಿ ಬಾಸ್ ಸಾಕ್ಷಿ. ಅಮೆರಿಕದ ಅತ್ಯುಚ್ಚ ಕೂಟದಲ್ಲಿ ಅವರು ಹೊಡೆದ ಹೋಮ್ ರನ್‌ಗಳು ಒಟ್ಟು ೯. ೧೯೮೩ರಲ್ಲಿ ಅವರು ಹಾನ್ಶಿನ್ ತಂಡಕ್ಕೆ ಬಂದರು. ಅವರೂ ಎಡಗೈ ದಾಂಡಿಗರೇ; ಕೋಶಿಯೆನ್ ಮೈದಾನದ ಕಡಲಗಾಳಿ ಅವರಿಗೂ ಎದುರಾಯಿತು. ಅವರು ಗಾಳಿಯೊಡನೆ ಕುಸ್ತಿಗೆ ನಿಲ್ಲಲಿಲ್ಲ. ಚೆಂಡನ್ನು ಅವಸರಪಡದೆ ಇನ್ನಷ್ಟು ಹತ್ತಿರಕ್ಕೆ ಬರಗೊಟ್ಟು ಎಡಗಡೆಯ ಬಯಲಿಗೆ ಹೊಡೆಯುವುದನ್ನು ರೂಢಿಸಿಕೊಂಡರು. ಯಾವ ಗಾಳಿ ಮೊದಲು ಚೆಂಡನ್ನು ತಡೆಯುತ್ತಿತ್ತೋ ಅದೇ ಗಾಳಿ ಈಗ ಚೆಂಡನ್ನು ಹೊತ್ತು ಬೇಲಿ ದಾಟಿಸಿತು. ೧೯೮೫ರಲ್ಲಿ ೫೪, ೧೯೮೬ರಲ್ಲಿ ೪೭ ಹೋಮ್ ರನ್‌ಗಳು. ಎರಡು ವರ್ಷವೂ ದಾಂಡಿಗರ ಮೂರು ಅಗ್ರಸ್ಥಾನಗಳು ಅವರವೇ. ೨೦೨೩ರಲ್ಲಿ ಜಪಾನ್ ಅವರ ಹೆಸರನ್ನು ತನ್ನ ಬೇಸ್‌ಬಾಲ್ ಕೀರ್ತಿಶಾಲೆಯಲ್ಲಿ ಸೇರಿಸಿ ಗೌರವಿಸಿತು. ಸೆಸಿಲ್ ಫೀಲ್ಡರ್ ಎಂಬ ಇನ್ನೊಬ್ಬರು ೧೯೮೯ರಲ್ಲಿ ಅದೇ ತಂಡದಲ್ಲಿ ೩೮ ಹೋಮ್ ರನ್‌ಗಳನ್ನು ಹೊಡೆದು ತಾಯ್ನಾಡಿಗೆ ಮರಳಿ, ಮರುವರ್ಷವೇ ಡೆಟ್ರಾಯಿಟ್ ತಂಡಕ್ಕಾಗಿ ೫೧ ಹೊಡೆದರು. ಜಪಾನಿಗೆ ಹೋಗುವ ಮೊದಲು, ೧೯೮೮ರಲ್ಲಿ, ಅವರದು ಕೇವಲ ೯! ದಿನವೂ ತಿರುವಿನ ಚೆಂಡುಗಳನ್ನೇ ಎದುರಿಸಿದ ಅಭ್ಯಾಸ ಅವರ ಬಲಕ್ಕೆ ತಾಳ್ಮೆಯನ್ನು ಜೊತೆಗೂಡಿಸಿತು.

ಇಷ್ಟು ವಿಚಾರದಿಂದ ನಮಗೆ ತಿಳಿದುಬರುವುದೇನು? ದಾಂಡಿಗನ ಬಲ ಅವನ ತೋಳಿನಲ್ಲಿ ಮಾತ್ರ ಇರುವ ವಸ್ತುವಲ್ಲ. ಅದು ಚೆಂಡಿನ ಪುಟಿತ, ನೆಲದ ಎತ್ತರ, ಗಾಳಿಯ ದಿಕ್ಕು, ಎದುರಾಳಿಯ ಜಾಣ್ಮೆ, ಮನಸ್ಸಿನ ನೆಮ್ಮದಿ ಇವೆಲ್ಲವುಗಳೊಡನೆ ತೋಳು ಹೊಂದಿಕೊಂಡಾಗ ಹುಟ್ಟುವಂತಹದು. ಹೊಂದಿಕೆ ತಪ್ಪಿದರೆ ಬಲ ಇದ್ದೂ ಕಾಣುವುದಿಲ್ಲ; ಹೊಂದಿಕೆ ಮರಳಿದರೆ ಇಲ್ಲವೆಂದುಕೊಂಡ ಬಲ ತಾನಾಗಿ ತೋರುತ್ತದೆ. ಬ್ರೆಜೆಲ್ ಅವರ ಕಾಣೆಯಾದ ಹೋಮ್ ರನ್‌ಗಳನ್ನು ಅವರ ತೋಳಿನಲ್ಲಿ ಮಾತ್ರ ಹುಡುಕಿದವರಿಗೆ ಅವು ಎಂದಿಗೂ ಸಿಕ್ಕಲಾರವು.

ವಿದ್ಯಾರ್ಥಿ ಮಿತ್ರರೇ, ನಮ್ಮ ಶಾಲೆಗೂ ವರ್ಷವರ್ಷ ಊರಿನಿಂದ ಹೊಸಬರು ಬಂದು ಸೇರುತ್ತಾರೆ. ಅಲ್ಲಿ ತರಗತಿಗೆ ಮೊದಲಿಗನಾಗಿದ್ದ ಹುಡುಗನು ಇಲ್ಲಿ ಮೊದಲ ಪರೀಕ್ಷೆಯಲ್ಲಿ ಹಿಂದೆ ಬೀಳುವುದುಂಟು. ರೈಲಿನ ನೂಕುನುಗ್ಗಲು, ಬೀದಿಯಲ್ಲಿ ಕೇಳಿಬರುವ ಬೇರೆ ಭಾಷೆಗಳು, ಚಿಕ್ಕ ಕೋಣೆಯ ಮನೆ, ಇವೆಲ್ಲ ಅವನಿಗೆ ಎದುರಾಗಿ ಬೀಸುವ ಕಡಲಗಾಳಿ. “ಇವನು ದಡ್ಡ” ಎಂದು ನಾವು ತೀರ್ಪು ಕೊಡುವ ಮೊದಲು ಚೆಂಡು ಯಾವುದು, ಗಾಳಿ ಎತ್ತಣದು ಎಂದು ವಿಚಾರಿಸೋಣ. ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಒಂದು ಲೆಕ್ಕವನ್ನು ಹೇಳಿಕೊಡೋಣ. ಹೊಸಬನಾಗಿ ಬಂದವನೂ ಬಾಸ್ ಅವರಂತೆ ಕೆಲವು ಕಾಲ ತಾಳ್ಮೆಯಿಂದ ನಿಂತು ಈ ನೆಲದ ಗಾಳಿಯನ್ನು ಅರಿತುಕೊಳ್ಳಲಿ. ಅರಿತ ಮೇಲೆ ಅದೇ ಗಾಳಿ ಅವನ ಚೆಂಡನ್ನೂ ಹೊತ್ತು ಒಯ್ಯುವುದು.